ಗಾಜಿನ ಜಗಲಿಯಲ್ಲಿಟ್ಟ ಗ್ರಾನೋಲಾ ಬಾರ್

ಸ್ಕುಗ್ವಿಕ್, ವೆಸ್ಟರೋಲೆನ್
ಸೋಮವಾರ, 24 ಜೂನ್ 1991

ಪ್ರೀತಿಯ ಯೋಸ್ತೈನ್, ನನ್ನ ಕಂದಾ,

ಹೇಗಿದ್ದೀಯಪ್ಪಾ? ಸೊಂಟದ ನೋವು ಇಳಿಯಿತೇ? ಹಡಗು ಹತ್ತುವ ದಿನ ನೀನು ಸೊಂಟ ಹಿಡಿದುಕೊಂಡು ಒಂದು ಗಳಿಗೆ ನಿಂತೆಯಲ್ಲ, ಅದು ನನ್ನ ಕಣ್ಣಿಗೆ ಬಿತ್ತು. ನಿನ್ನ ಹೆಂಡತಿಗೆ ಎಲ್ಲಿ ಬೀಳಬೇಕು, ಅವಳಿಗೆ ಅಳುವುದೇ ದೊಡ್ಡ ಕೆಲಸವಾಗಿತ್ತು. ಗ್ರೀನ್‌ಲ್ಯಾಂಡಿನ ಕಡೆ ಜೂನ್‌ನಲ್ಲೂ ಮಂಜುಗಡ್ಡೆ ತೇಲುತ್ತಿರುತ್ತದೆ ಅಂತ ಪಕ್ಕದ ಮನೆಯ ಯೋರುನ್‌ಳ ಗಂಡ ಹೇಳ್ತಿದ್ದ. ನಾನು ಹೆಣೆದ ಉಣ್ಣೆಯ ಒಳಅಂಗಿ ಹಾಕ್ಕೊಳ್ತಿದ್ದೀಯೋ, ಇಲ್ಲಾ ಅವಳು ಅಂಗಡಿಯಿಂದ ತಂದ ಆ ನೈಲಾನ್ ಚಿಂದಿಯನ್ನೋ? ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಮ್ಮು ಬಂದರೆ ಅಲಕ್ಷ್ಯ ಮಾಡಬೇಡ. ಹಡಗಿನ ರೇಡಿಯೋದಲ್ಲಿ ಮಾತಾಡೋಣ ಅಂದರೆ ನಾವಾಡುವ ಒಂದೊಂದು ಮಾತನ್ನೂ ಈ ಕರಾವಳಿಯ ಎಲ್ಲ ಅಡುಗೆಮನೆಗಳೂ ಕಾಫಿ ಹೀರುತ್ತಾ ಕೇಳುತ್ತವೆ. ಬೇರೆಯವರ ಮಾತು ನಾನೂ ಕೇಳ್ತೀನಲ್ಲ, ನನಗೆ ಗೊತ್ತಿಲ್ಲವೇ! ಅದಕ್ಕೇ ಈ ಕಾಗದ. ಹಡಗು ಗ್ರೀನ್‌ಲ್ಯಾಂಡಿನ ನೂಕ್ ಬಂದರಿಗೆ ಬಂದಾಗ ನಿನ್ನ ಕೈ ಸೇರಲಿ.

ನಾನು ಚೆನ್ನಾಗಿದ್ದೀನಿ. ನೀನು ಹೋಗುವಾಗ ಅಂದ ಮಾತನ್ನು ಮರೆತಿಲ್ಲ. "ಅಮ್ಮಾ, ನಿನ್ನ ದಮ್ಮಯ್ಯ, ನಾನು ಅಕ್ಟೋಬರಿನಲ್ಲಿ ಬರೋವರೆಗೂ ಬಾಯಿ ಮುಚ್ಕೊಂಡಿರು. ಇನ್ನೊಂದು ಜಗಳ ಆದ್ರೆ ಹೆಲ್ಲೆ ತೌರಿಗೆ ಹೊರಟುಹೋಗ್ತಾಳೆ, ಹೋಗುವಾಗ ಮಗು ಸುನ್ನಿವಾನ ಬಿಟ್ಟು ಹೋಗಲ್ಲ." ಇದೇ ತಾನೇ ನೀನು ಅಂದದ್ದು? ಹೆತ್ತ ತಾಯಿಗೆ ಬಾಯಿ ಮುಚ್ಚು ಅಂದೆಯಲ್ಲಪ್ಪಾ, ಆಗಲಿ ಅಂತ ಮಾತು ಕೊಟ್ಟೆ. ದಕ್ಷಿಣದಲ್ಲಿ ನೀನು ಕೆಲಸಕ್ಕಿದ್ದ ಹಡಗು ಕಟ್ಟುವ ಕಾರ್ಖಾನೆ ಮುಚ್ಚಿಹೋಗಿ, ಹೋದ ಆಗಸ್ಟಿನಲ್ಲಿ ನೀವು ಮೂವರೂ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದಿರಿ. ಅವತ್ತಿನಿಂದ ಅವಳದ್ದು ಒಂದೇ ರಾಗ. ಅವಳ ತೌರು ಅರೆಂದಾಲಿನಲ್ಲಿ ಹೀಗೆ, ಅರೆಂದಾಲಿನಲ್ಲಿ ಹಾಗೆ, ಅರೆಂದಾಲಿನಲ್ಲಿ ಅಂಗಳದಲ್ಲೇ ಸೇಬು ಬೆಳೆಯುತ್ತೆ. ಬೆಳೆಯಲಿ ಬಿಡು. ನೀನು ಹೋದ ಮೇಲೆ ಅವಳ ಮುಖಕ್ಕೆ ಒಂದು ಬಿರುನುಡಿ ಆಡಿದ್ದೀನಾ ಅಂತ ಯಾರನ್ನು ಬೇಕಾದರೂ ಕೇಳು. ಆಡಿಲ್ಲ.

ಈ ಶನಿವಾರ ನಡೆದದ್ದನ್ನು ನಾನೇ ಬರೆಯುತ್ತೀನಿ, ಅವಳ ಬಾಯಲ್ಲಿ ಕೇಳಿದರೆ ಬೇರೆಯೇ ಕಥೆ ಆಗಿಬಿಡುತ್ತೆ. ಶಾಲೆಯ ವಾದ್ಯತಂಡಕ್ಕೆ ಹಾರ್ಸ್ತಾದಿಗೆ ಹೋಗುವ ಖರ್ಚು ಕೂಡಬೇಕಿತ್ತು. ಪ್ರತಿ ಮನೆಯಿಂದ ಕೈಯಾರೆ ಮಾಡಿದ ತಿಂಡಿ ಒಂದು, ಸಭಾಭವನದಲ್ಲಿ ಮಾರಾಟ, ಆಮೇಲೆ ಮಕ್ಕಳ ವಾದ್ಯ. ನೀನೂ ಚಿಕ್ಕವನಿದ್ದಾಗ ನನ್ನ ಬಾದಾಮಿ ಕೇಕಿನ ಹಿಂದೆ ನಿಂತುಕೊಂಡು ಹಲ್ಲು ಕಿರಿದವನೇ. ನಾನು ಹಿಟ್ಟಿನ ಡಬ್ಬಿಗೆ ಕೈ ಹಾಕುವ ಮೊದಲೇ ಹೆಲ್ಲೆ ಬಂದು "ಅತ್ತೆ, ಈ ಸಲ ನಾನೂ ಸುನ್ನಿವಾನೂ ಮಾಡ್ತೀವಿ, ನೀವು ಆರಾಮಾಗಿ ಕೂತ್ಕೊಳ್ಳಿ" ಅಂದಳು. ನನ್ನ ಅಡುಗೆಮನೆಯಲ್ಲಿ ನನಗೇ ಕೂತ್ಕೊಳ್ಳಿ! ಕೂತೆ. ಏನು ಮಾಡ್ತೀಯಮ್ಮಾ ಅಂತ ಕೇಳಿದರೆ ಗ್ರಾನೋಲಾ ಬಾರ್ ಅಂತೆ. ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದಂತೆ. ಓವನ್ನಿಗೆ ಇಡುವುದೇ ಬೇಡವಂತೆ, ತಣ್ಣಗಿಟ್ಟರೆ ತಾನೇ ಗಟ್ಟಿಯಾಗುತ್ತಂತೆ. ಬೇಯದೇ ಇರುವ ತಿಂಡಿಯನ್ನು ಊರಿನ ಮೇಜಿನ ಮೇಲೆ ಇಡುವವರನ್ನು ನಾನು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ.

ಮಾಡಿದ್ದು ಹೇಗೆ ಅಂತ ಕೇಳು. ಶುಕ್ರವಾರ ಸಂಜೆ ಕಬ್ಬಿಣದ ಬಾಣಲೆಯಲ್ಲಿ ಓಟ್ಸನ್ನೂ ಸೂರ್ಯಕಾಂತಿ ಬೀಜವನ್ನೂ ಎಣ್ಣೆ ಇಲ್ಲದೆ ಹುರಿದಳು. ಅದರ ಪರಿಮಳ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಇನ್ನೊಂದು ಸಣ್ಣ ಪಾತ್ರೆಯಲ್ಲಿ ಬೆಣ್ಣೆ, ಜೇನು, ಕಂದು ಸಕ್ಕರೆ ಹಾಕಿ ನೊರೆ ಏಳುವವರೆಗೆ ಕುದಿಸಿದಳು. ನನ್ನ ಒಳ್ಳೆಯ ಬೆಣ್ಣೆ, ಅಷ್ಟೂ! ಒಣದ್ರಾಕ್ಷಿ, ಒಣಗಿದ ಏಪ್ರಿಕಾಟ್ ಹೆಚ್ಚಿ ಹಾಕಿ ಎಲ್ಲವನ್ನೂ ಕಲಸಿ, ಕಾಗದ ಹಾಸಿದ ತಗಡಿನ ಟ್ರೇಗೆ ಸುರಿದಳು. ಒತ್ತುವ ಕೆಲಸ ಸುನ್ನಿವಾಳದ್ದು. ಮುಕ್ಕಾಲಿಯ ಮೇಲೆ ನಿಂತು, ಗಾಜಿನ ಲೋಟದ ತಳದಿಂದ, ನಾಲಿಗೆ ಹೊರಗೆ ಚಾಚಿಕೊಂಡು ಒತ್ತಿದಳು, ಥೇಟ್ ನೀನೇ. "ಅಜ್ಜೀ, ಗಟ್ಟಿಯಾಗಿ ಒತ್ತದಿದ್ರೆ ಕುಯ್ಯುವಾಗ ಪುಡಿಪುಡಿ ಆಗ್ತಂತೆ" ಅಂತ ನನಗೇ ಪಾಠ ಬೇರೆ. ಹೆಲ್ಲೆ ಅದರ ಮೇಲೆ ಚಾಕೊಲೇಟ್ ಕರಗಿಸಿ ಹೊಯ್ದು, ಉಳಿದದ್ದನ್ನು ಚಮಚದಲ್ಲಿ ತಂದು ನನ್ನ ಬಾಯಿಗೆ ಹಿಡಿದಳು. ನಾನು ಆ ಚಮಚ ತೆಗೆದುಕೊಂಡು ತೊಳೆದಿಟ್ಟೆ.

ಅವರು ಬಾಣಲೆ ಇಡುವ ಮೊದಲೇ ನನಗೂ ಒಂದು ಕೆಲಸ ನೆನಪಾಗಿತ್ತು. ಯೋರುನ್‌ಗೆ ಶನಿವಾರ ಸಂಜೆ ಅರವತ್ತು ತುಂಬುವ ಔತಣ, ಅವಳಿಗೆ ನಾನು ಕ್ರೀಮ್ ಕೇಕು ಒಪ್ಪಿಕೊಂಡಿದ್ದೆ. ಶನಿವಾರ ಮಧ್ಯಾಹ್ನ ಮಾಡಿದ್ದರೂ ಆಗುತ್ತಿತ್ತು. ಶುಕ್ರವಾರ ಬೆಳಿಗ್ಗೆಯೇ ಮಾಡಿಟ್ಟಿದ್ದೆ, ಮೂರು ಅಂತಸ್ತಿನದ್ದು. ಫ್ರಿಜ್ಜಿನಲ್ಲಿ ಒಂದು ಮೊಟ್ಟೆ ಇಡುವಷ್ಟೂ ಜಾಗ ಉಳಿಯಲಿಲ್ಲ. ಹೆಲ್ಲೆ ಬಾಗಿಲು ತೆಗೆದು, ನೋಡಿ, ಮೆಲ್ಲಗೆ ಮುಚ್ಚಿದಳು. ಫ್ರೀಜರಿನ ತುಂಬ ನೀನು ಬಿಟ್ಟುಹೋದ ಮೀನು, ಅದರಲ್ಲಿಟ್ಟರೆ ವಾಸನೆ ಹಿಡಿಯುತ್ತೆ ಅಂತ ಅವಳೇ ಬೇಡ ಅಂದಳು. ಆಮೇಲೆ ಏನೋ ಮಹಾ ಉಪಾಯ ಹೊಳೆದವಳಂತೆ "ಸುನ್ನಿವಾ, ಗಾಜಿನ ಜಗಲಿಯಲ್ಲಿ ಇಡೋಣ, ಅದು ಉತ್ತರದ ಕಡೆ, ದಿನವಿಡೀ ನೆರಳು, ರಾತ್ರಿ ಇನ್ನೂ ತಣ್ಣಗಾಗುತ್ತೆ" ಅಂತ ಟ್ರೇ ಎತ್ತಿಕೊಂಡು ಹೋಗಿ ಅಲ್ಲಿಯ ಬೆಂಚಿನ ಮೇಲಿಟ್ಟಳು.

ನಿನಗೆ ಈಗಲೇ ನಗು ಬಂದಿರಬೇಕು. ಇಲ್ಲಿ ಹುಟ್ಟಿದ ಮೂರು ವರ್ಷದ ಮಗುವೂ ಮಾಡದ ತಪ್ಪು! ಜೂನ್‌ನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದಿಲ್ಲ ಅಂತ ಅವಳಿಗೂ ಗೊತ್ತು, ಶಾಲೆಯ ಪುಸ್ತಕದಲ್ಲಿ ಓದಿದ್ದಾಳೆ. ಆದರೆ ರಾತ್ರಿಯ ಹೊತ್ತು ಅವನು ಉತ್ತರಕ್ಕೆ ಬಂದು, ನೇರವಾಗಿ ಆ ಗಾಜಿಗೇ ಮುಖವಿಟ್ಟು ಬೆಳಗಾಗುವವರೆಗೆ ಕೂರುತ್ತಾನೆ ಅನ್ನುವುದು ಕಪ್ಪು ಪರದೆ ಎಳೆದು ಮಲಗುವವಳಿಗೆ ಹೇಗೆ ಗೊತ್ತಾಗಬೇಕು? ಇದು ಅವಳ ಮೊದಲ ಜೂನ್. ನಾನು ಮಲಗುವ ಮೊದಲು ಬೆಕ್ಕಿಗೆ ಹಾಲಿಡಲು ಅಡುಗೆಮನೆಗೆ ಬಂದೆ. ಕಿಟಕಿಯಿಂದ ನೋಡಿದರೆ ಜಗಲಿ ಆಗಲೇ ಕಾದಿತ್ತು, ಟ್ರೇ ಮೇಲೆ ಬಿಸಿಲು ಬಿದ್ದಿತ್ತು, ಚಾಕೊಲೇಟು ಮಿರಮಿರ ಮಿಂಚುತ್ತಿತ್ತು. ಒಂದು ಮಾತು ಹೇಳಿದ್ದರೆ ಎದ್ದುಬಂದು ತೆಗೆದಿಡುತ್ತಿದ್ದಳು. ಆದರೆ ನಾನು ನಿನಗೆ ಬಾಯಿ ಮುಚ್ಚಿಕೊಂಡಿರ್ತೀನಿ ಅಂತ ಮಾತು ಕೊಟ್ಟಿದ್ದೆನಲ್ಲ. ಅಡುಗೆಮನೆ ಕಿಟಕಿಯ ಪರದೆ ಎಳೆದು ಹೋಗಿ ಮಲಗಿದೆ. ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಅವರಿಬ್ಬರ ಮುಖ ನೋಡಬೇಕಿತ್ತು. ಚಾಕು ಇಟ್ಟರೆ ಚಾಕುವಿಗೇ ಅಂಟಿಕೊಂಡು ಎದ್ದು ಬರುತ್ತಿತ್ತು. ಚಾಕೊಲೇಟು ಅಂಚಿಗೆ ಹರಿದು ಕಾಗದ ಯಾವುದು, ಓಟ್ಸ್ ಯಾವುದು ತಿಳಿಯದ ಹಾಗಾಗಿತ್ತು. ಸುನ್ನಿವಾ ತುಟಿ ಕಚ್ಚಿಕೊಂಡು ನಿಂತಳು. ಹೆಲ್ಲೆ ನನ್ನ ಕಡೆ ತಿರುಗಿ "ಅತ್ತೆ, ಕೇಕನ್ನು ಅರ್ಧ ಗಂಟೆ ಹೊರಗೆ ತೆಗೆದಿಡಬಹುದಾ? ಅಷ್ಟರಲ್ಲಿ ಇದು ಸ್ವಲ್ಪ ಬಿಗಿಯಾಗುತ್ತೆ" ಅಂದಳು. ಬೇಡಿಕೊಂಡಳು ಅಂತಲೇ ಹೇಳಬೇಕು, ಇಷ್ಟು ದಿನದಲ್ಲಿ ಮೊದಲ ಸಲ. ಕ್ರೀಮು ಇಳಿದುಹೋಗುತ್ತಲ್ಲಮ್ಮಾ ಅಂತ ತಲೆ ಅಲ್ಲಾಡಿಸಿದೆ, ಅಷ್ಟೇ. ಅವಳು ಆ ಮುದ್ದೆಯನ್ನೇ ಚಮಚದಿಂದ ಕೆರೆದು ಕಾಗದದ ಬಟ್ಟಲುಗಳಿಗೆ ತುಂಬಿದಳು. ಪಾಪ, ಮಗು ಒಂದೊಂದರ ಮೇಲೂ ಸಣ್ಣ ಬಾವುಟ ಚುಚ್ಚಿತು. ಬಾವುಟಗಳು ನಿಲ್ಲಲಿಲ್ಲ.

ಸಭಾಭವನದ ಪದ್ಧತಿ ನಿನಗೆ ಹೊಸದಲ್ಲ. ಯಾವ ಮನೆಯ ತಿಂಡಿಯೋ ಆ ಮನೆಯ ಹಿರಿಯ ಹೆಂಗಸು ಮೊದಲ ತುಂಡು ಕೊಳ್ಳಬೇಕು, ಅವಳು ತಿಂದು ತಲೆದೂಗಿದ ಮೇಲೆಯೇ ಊರು ಕೈ ಹಾಕುತ್ತದೆ. ಮಾರದೆ ಉಳಿದದ್ದನ್ನು ತಂದವರೇ ವಾಪಸು ಹೊತ್ತುಕೊಂಡು ಹೋಗಬೇಕು. ನಾನು ನೀಲಿ ಅಂಗಿ ತೊಟ್ಟು ಮೇಜಿನ ಉದ್ದಕ್ಕೂ ನಡೆದೆ. ಸುನ್ನಿವಾ ತನ್ನ ಬಟ್ಟಲುಗಳ ಹಿಂದೆ ತನ್ನ ಕಾರ್ನೆಟ್ ತುತ್ತೂರಿ ಹಿಡಿದುಕೊಂಡು ನಿಂತಿದ್ದಳು. "ಅಜ್ಜೀ, ನಂದು ಇಲ್ಲಿ" ಅಂದಳು, ನನಗೆ ಕಾಣಿಸಲಿಲ್ಲವೇನೋ ಅಂತ. ಅವಳ ತಲೆ ಸವರಿ, ಮುಂದೆ ಹೋಗಿ ಯೋರುನ್‌ಳ ಬೆಣ್ಣೆ ರೊಟ್ಟಿ ಕೊಂಡೆ. ಒಂದು ಮಾತಾಡಲಿಲ್ಲ. ಆಡಿದ್ದೆಲ್ಲ ಯೋರುನ್. "ಅಯ್ಯೋ ಇದೇನ್ರೇ, ನಿಮ್ಮನೆ ಕುದುರೆ ಅರ್ಧ ತಿಂದು ಬಿಟ್ಟಿದ್ದಾ?" ಅಂದಳು. ಇಡೀ ಮೇಜು ನಕ್ಕಿತು. ನಾನೂ ನಕ್ಕೆ, ನಗುವುದಕ್ಕೇನು, ಮಾತು ಕೊಟ್ಟದ್ದು ಮಾತಾಡುವುದಿಲ್ಲ ಅಂತ ತಾನೇ? ಒಂದು ಬಟ್ಟಲೂ ಹೋಗಲಿಲ್ಲ. ಮಕ್ಕಳು ಊದಲು ನಿಂತಾಗ ಸುನ್ನಿವಾಗೆ ಉಸಿರೇ ಕೂಡಲಿಲ್ಲ. ಕಾರ್ನೆಟ್ಟು ಎರಡು ಸಲ ಕೀಚ್ ಅಂದು ನಿಂತಿತು. ಮಾಸ್ತರ ಓಡ್‌ವಾರ್ ಅವಳನ್ನು ಕೈ ಹಿಡಿದು ಪಕ್ಕಕ್ಕೆ ಕೂರಿಸಿದ. ಆಗ ಮಾತ್ರ ನನ್ನ ನಗು ನಿಂತಿತು. ಅದು ಅವಳ ತಾಯಿಗೆ ಬಿದ್ದ ಏಟು, ಮಗುವಿಗೆ ಯಾಕೆ ತಾಗಬೇಕಿತ್ತು? ಹೆಲ್ಲೆ ಎಲ್ಲವನ್ನೂ ಮತ್ತೆ ಟ್ರೇಗೆ ಜೋಡಿಸಿ, ಯಾರ ಮುಖವನ್ನೂ ನೋಡದೆ, ಊರ ನಡುವಿನ ರಸ್ತೆಯಲ್ಲೇ ಹೊತ್ತುಕೊಂಡು ಮನೆಗೆ ಬಂದಳು.

ಇನ್ನೇನು ಬರೆಯಲಿ? ಯೋರುನ್‌ಳ ಔತಣ ಚೆನ್ನಾಗಾಯಿತು, ಕೇಕಿನ ಒಂದು ಚೂರೂ ಉಳಿಯಲಿಲ್ಲ. ನಿನ್ನೆ ಸಂಜೆ ಕಡಲತೀರದಲ್ಲಿ ನಡುಬೇಸಿಗೆ ಹಬ್ಬದ ಬೆಂಕಿ ಹಾಕಿದ್ದರು, ನಾನು ಮಂಡಿನೋವು ಅಂತ ಹೋಗಲಿಲ್ಲ. ದೋಣಿಮನೆಯ ಮಾಡು ಸೋರುತ್ತಿದೆ, ಬಂದಮೇಲೆ ನೋಡು. ಬೆಕ್ಕು ಮರಿ ಹಾಕುವ ಹಾಗಿದೆ. ಮನೆಯಲ್ಲಿ ಈಗ ಗಲಾಟೆ ಇಲ್ಲ, ಅಡುಗೆಮನೆ ಮೊದಲಿನ ಹಾಗೆ ಓರಣವಾಗಿದೆ, ಇಟ್ಟ ಚಮಚ ಇಟ್ಟಲ್ಲೇ ಸಿಗುತ್ತದೆ. ನಾಯಕನಿಗೂ ನಿನ್ನ ಜೊತೆಯ ಹುಡುಗರಿಗೂ ನನ್ನ ನಮಸ್ಕಾರ ಹೇಳು. ಕಡಲು ನಿನಗೆ ಒಳ್ಳೆಯದಾಗಿರಲಿ, ಬಲೆ ತುಂಬಲಿ, ದೇವರು ನಿನ್ನ ಸೊಂಟವನ್ನು ಕಾಯಲಿ.

ನಿನ್ನ ತಾಯಿ,
ಬೋರ್ಘಿಲ್ಡ್

ತಾ.ಕ.: ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೀನಿ. ಇವತ್ತು ಬೆಳಗಿನ ಹಡಗಿಗೆ ಅವರಿಬ್ಬರೂ ಅರೆಂದಾಲಿಗೆ ಹೋದರು. ಪೆಟ್ಟಿಗೆ ನೋಡಿದರೆ ವಾಪಸು ಬರುವ ಹಾಗಿಲ್ಲ. ಹೆಲ್ಲೆ ಹೋದದ್ದಕ್ಕೆ ನಾನು ಅಳುವುದಿಲ್ಲ. ಆದರೆ ಆ ರಾತ್ರಿ ಸುನ್ನಿವಾ ನೀರು ಕುಡಿಯಲು ಎದ್ದಿದ್ದಳಂತೆ, ನಾನು ಪರದೆ ಎಳೆಯುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದಳಂತೆ. ನಿನ್ನೆ ರಾತ್ರಿ ತಡವಾಗಿ ಊಟಕ್ಕೆ ಕೂತಾಗ ತಾಯಿಗೆ ಹೇಳುತ್ತಾಳೆ, "ಅಮ್ಮಾ, ಅಜ್ಜಿ ಮೇಲೆ ಸಿಟ್ಟು ಮಾಡ್ಕೋಬೇಡ. ನಮ್ಮ ಬಾರ್‌ಗೆ ಬಿಸಿಲು ತಾಗದಿರಲಿ ಅಂತ ಅಜ್ಜಿ ಪರದೆ ಎಳೆದ್ರು, ನಾನೇ ನೋಡ್ದೆ." ಆ ಪರದೆ ಅಡುಗೆಮನೆಯ ಒಳಗಡೆಯದು, ಜಗಲಿಗೆ ನೆರಳು ಕೊಡುವುದಿಲ್ಲ ಅಂತ ಹೆಲ್ಲೆಗೆ ಗೊತ್ತು. ಮಗುವನ್ನು ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ, ಪರದೆ ಎಳೆದು, ಆಮೇಲೆ ಜಗಲಿಗೆ ಕರೆದೊಯ್ದು ಅಲ್ಲಿ ಬಿಸಿಲು ಹಾಗೇ ಇರುವುದನ್ನು ತೋರಿಸಿದಳು, ರಾಕ್ಷಸಿ. ಮಗು ಬಂದು ನನ್ನ ಮುಂದೆ ನಿಂತು "ಹೌದಾ ಅಜ್ಜಿ?" ಅಂತ ಕೇಳಿತು. ನಾನು ಅವಳ ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟೆ ಕಣೋ. ಇವತ್ತು ಹಡಗುಕಟ್ಟೆಯ ಮೇಲೆ ನಾನು ಕೈಚಾಚಿದರೆ ತಾಯಿಯ ಹಿಂದೆ ಹೋಗಿ ನಿಂತಿತು. ಈ ಕಾಗದ ಕೈಸೇರಿದ ದಿನವೇ ಸುನ್ನಿವಾಗೆ ಬರಿ. ಅಜ್ಜಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಅಲ್ಲಿ ಟ್ರೇ ಇದ್ದದ್ದೇ ಅಜ್ಜಿಗೆ ಗೊತ್ತಿರಲಿಲ್ಲ ಅಂತ ಬರಿ. ಅವಳಿಗಿನ್ನೂ ಎಂಟು ವರ್ಷ. ನೀನು ಹೇಳಿದರೆ ನಂಬುತ್ತಾಳೆ.