ಒಗೆಯುವ ಕಲ್ಲು

ಪ್ರೀತಿಯ ಅತ್ತಿಗೆ,

ಮಂಡಿನೋವು ಹೇಗಿದೆ? ಅದಕ್ಕೆ ಅರ್ಧ ಕಾರಣ ನಾನೇ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಕಲ್ಲಿದ್ದಲು ಗಣಿಗಿಂತ ಮೇಲ್ಗಡೆ ಮತ್ತು ಕೆಳಗಡೆ ಹೊಳೆಯ ನೀರು ಹಿಡಿದು ಹೋಲಿಸುವುದು ನನ್ನ ಕೆಲಸ. ಮೇಲೆ ನೀರಿಗೆ ಇಳಿಯಲು ಇರುವುದು ನಿಮ್ಮೆಲ್ಲರ ಒಗೆಯುವ ಕಲ್ಲುಗಳ ಜಾಗ ಒಂದೇ. ಅಲ್ಲಿನ ಸೋಪಿನ ನೊರೆ ತೋರಿಸಿ, "ನೀರು ಬರುವಾಗಲೇ ಕೊಳಕು" ಎಂದು ಗಣಿಯವರು ಪ್ರತಿ ಸಲವೂ ನುಣುಚಿಕೊಳ್ಳುತ್ತಿದ್ದರು.

ಅಳುಕುತ್ತಲೇ ನಿಮಗೆ ಹೇಳಿದೆ. ನೀವು ನೆನೆದ ಬಟ್ಟೆಯನ್ನು ಬಕೆಟ್ಟಿಗೆ ತುಂಬಿ ಎದ್ದೇಬಿಟ್ಟಿರಿ. "ಅವರ ಕೊಳೆ ಮುಚ್ಚೋಕೆ ನಮ್ಮ ಸೋಪೇ ಬೇಕಾ? ಏಳ್ರೇ ಎಲ್ಲ!" ಅಂದಿನಿಂದ ದಿಣ್ಣೆ ಹತ್ತಿ ಕೈಪಂಪಿನ ಹತ್ತಿರ ಒಗೆಯುತ್ತಿದ್ದೀರಿ. ಗಣಿಯ ನೀರು ಹರಿದು ಹೋಗುವ ಕೆಳಗಿನ ಊರಿನಲ್ಲಿ ನಿಮ್ಮವರು ಒಬ್ಬರೂ ಇಲ್ಲ.

ನಿನ್ನೆ ಸರ್ಕಾರದ ಆದೇಶ ಬಂತು. ಗಣಿಯವರು ನೀರನ್ನು ಶುದ್ಧ ಮಾಡಿಯೇ ಹೊಳೆಗೆ ಬಿಡಬೇಕಂತೆ. "ಇನ್ನು ಮಗೂಗೆ ಹೊಳೇಲಿ ಸ್ನಾನ ಮಾಡಿಸಬಹುದಾ ಮೇಡಂ?" ಎಂದು ಕೆಳಗಿನ ಊರಿನ ತಾಯಿಯೊಬ್ಬಳು ಕೇಳಿದಳು. ಸ್ವಲ್ಪ ತಾಳಮ್ಮ ಎಂದೆ. ಗಣಿಯವರು ಆದೇಶ ಮೀರದಂತೆ ನೀರನ್ನು ನೋಡುತ್ತಲೇ ಇರಬೇಕು. ಆದ್ದರಿಂದ ಸಂಕೋಚದಿಂದಲೇ ಮತ್ತೆ ಕೇಳುತ್ತೇನೆ, ಮುಂದಿನ ಬೇಸಿಗೆಯವರೆಗೂ ಆ ಕಲ್ಲುಗಳ ಮೇಲೆ ಒಗೆಯಬೇಡಿ.

ಭಾನುವಾರ ಬರುತ್ತೇನೆ. ದೊಡ್ಡ ಹೊದಿಕೆಗಳನ್ನೆಲ್ಲ ತೆಗೆದಿಡಿ, ನನ್ನ ಮೆಷಿನ್ನಿನಲ್ಲಿ ಒಗೆದು ತಂದುಕೊಡುತ್ತೇನೆ. "ಮೆಷಿನ್ ಒಗೆಯೋದೂ ಒಂದು ಒಗೆಯೋದಾ?" ಎಂದು ಮೂತಿ ತಿರುಗಿಸುತ್ತೀರಿ, ಗೊತ್ತು. ಆದರೂ ಕೊಡಿ. ಒಣಹಾಕಲು ನಿಮ್ಮ ಕಲ್ಲು ಈಗ ಬೆಚ್ಚಗೆ, ಖಾಲಿಯಾಗಿದೆ.

ಎಂದೂ ನಿಮ್ಮ ಋಣದಲ್ಲಿರುವ
ನಾದಿನಿ