ಜೆರುಸಲೇಮಿನಲ್ಲಿ ಬಿಟ್ಟ ಚಪ್ಪಲಿ

ಬ್ಯಾಡರಹಳ್ಳಿ, ಬೆಂಗಳೂರು
೧೮ ಮಾರ್ಚ್ ೨೦೨೩

ಕೀರ್ತನಾ ಕಂದಾ,

ಹೇಗಿದೀಯಾ? ಕಾರವಾರದ ಸೆಖೆಗೆ ಎದ್ದಿದ್ದ ಬೆವರುಸಾಲೆ ಹೋಯಿತೇ? ಅಳಿಯಂದಿರ ಬೆನ್ನುನೋವು ಹೇಗಿದೆ? ಬೈಕ್ ಓಡಿಸುವುದು ಕಡಿಮೆ ಮಾಡಲಿ, ನಾನು ಹೇಳಿದೆ ಅಂತ ಹೇಳು, ನಿನ್ನ ಮಾತಿಗಂತೂ ಅಲ್ಲಿ ಕಿಮ್ಮತ್ತಿಲ್ಲ. ನಾನೂ ನಿಮ್ಮತ್ತೆಯೂ ಯಾತ್ರೆ ಮುಗಿಸಿ ಸುಖವಾಗಿ ಬಂದು ಸೇರಿದೆವು. ಫೋನಿನಲ್ಲಿ ಎಲ್ಲ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಈ ಕಾಗದ.

ಅಲ್ಲ ಕಣೇ, ಗಂಡಹೆಂಡತಿ ಕೂತು ಎಷ್ಟು ಸಲೀಸಾಗಿ ತೀರ್ಮಾನ ಮಾಡಿಬಿಟ್ಟಿರಿ! ನಿಮ್ಮತ್ತೆಗೆ ಮರೆವು ಹೆಚ್ಚಾಗಿದೆ, ರಾಜಾಜಿನಗರದ ಮನೆಯಲ್ಲಿ ಒಬ್ಬರೇ ಇರಲಾರರು, ಕಾರವಾರಕ್ಕೆ ಕರೆಸಿಕೊಂಡರೆ ನೀವಿಬ್ಬರೂ ಡ್ಯೂಟಿಗೆ ಹೋದಮೇಲೆ ನೋಡುವವರಿಲ್ಲ, ವೃದ್ಧಾಶ್ರಮಕ್ಕೆ ಸೇರಿಸುವುದೇ ಸರಿ, ಅದಕ್ಕೆ ಮೊದಲು ಅವರ ಆಸೆಯಂತೆ ಯೇಸುಸ್ವಾಮಿಯ ಊರು ತೋರಿಸಿಬಿಡೋಣ ಅಂತ. ಅಳಿಯಂದಿರಿಗೆ ರಜೆ ಸಿಗಲಿಲ್ಲ, ಚರ್ಚಿನವರ ಜೊತೆ ಹೊರಡಲು ನಾನೇ ಬೇಕಾಯಿತು. ಮಾಗಡಿ ರಂಗನಾಥನ ಗುಡಿಯಿಂದಾಚೆ ಯಾತ್ರೆ ಕಾಣದವಳು ನಾನು! ಆದರೂ ಜೆರುಸಲೇಮಿನ ಕೋಟೆ ಬಾಗಿಲು ದಾಟಿದಾಗ ಮೈ ಜುಮ್ಮೆಂದಿತು. ಒಳಗೆ ಕಲ್ಲು ಹಾಸಿದ ಓಣಿಗಳು, ಎರಡೂ ಕಡೆ ಮಸಾಲೆ, ಎಳ್ಳು ಹಚ್ಚಿದ ಬ್ರೆಡ್ಡು, ಜಪಮಾಲೆ ಮಾರುವ ಅಂಗಡಿಗಳು, ಥೇಟು ನಮ್ಮ ಚಿಕ್ಕಪೇಟೆ. ಯೇಸು ಶಿಲುಬೆ ಹೊತ್ತು ನಡೆದರೆನ್ನುವ ದಾರಿಯುದ್ದಕ್ಕೂ ನಿಮ್ಮತ್ತೆ ನಿಂತು ನಿಂತು ಪ್ರಾರ್ಥನೆ ಹೇಳಿದರು. ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿಲ್ಲದ ಹೆಂಗಸು, ಪ್ರಾರ್ಥನೆಯಲ್ಲಿ ಒಂದಕ್ಷರ ತಪ್ಪಲಿಲ್ಲ.

ಆಮೇಲೆ ಯೇಸುವಿನ ಸಮಾಧಿಯಿರುವ ದೊಡ್ಡ ಚರ್ಚಿಗೆ ಬಂದೆವು. ನಾನು ಅಭ್ಯಾಸಬಲದಿಂದ ಬಾಗಿಲ ಪಕ್ಕದಲ್ಲಿ ಚಪ್ಪಲಿ ಬಿಟ್ಟೆ. ನಮ್ಮ ಜೊತೆ ಬಂದಿದ್ದ ಫಾದರ್ ನಕ್ಕು, “ಇಲ್ಲಿ ಯಾರೂ ಬಿಡಲ್ಲ ಅಮ್ಮ” ಅಂದರು. “ಇರ್ಲಿ ಬಿಡಿ ಫಾದರ್, ದೇವ್ರ ಮನೆ ಅಂದ್ಮೇಲೆ ದೇವ್ರ ಮನೆ” ಅಂದು ಒಳಗೆ ಹೋದೆ. ಯೇಸುವಿನ ದೇಹವನ್ನು ಮಲಗಿಸಿದ್ದರೆನ್ನುವ ಕಲ್ಲು ಬಾಗಿಲ ಹತ್ತಿರವೇ ಇದೆ. ಹೆಂಗಸರೆಲ್ಲ ಅದಕ್ಕೆ ಬಟ್ಟೆ ಒರೆಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಾನೂ ಬಗ್ಗಿ ಸೆರಗು ಒರೆಸಿ ತಲೆ ಎತ್ತುತ್ತೇನೆ, ನಿಮ್ಮತ್ತೆ ಇಲ್ಲ! ಜನವೋ ಜನ. ಮೇಲಿನ ಮೆಟ್ಟಿಲು ಹತ್ತಿದೆ, ಕೆಳಗಿನ ನೆಲಮಾಳಿಗೆಗೆ ಇಳಿದೆ, “ಫಿಲೋಮಿನಮ್ಮಾ” ಅಂತ ಕೂಗಿ ಕೂಗಿ ಗಂಟಲು ಹರಿಯಿತು. ಭಾಷೆ ಬಾರದ ಊರು, ಅವರ ಕೈಯಲ್ಲಿ ಫೋನಿಲ್ಲ, ತಂಗಿರುವ ಹೋಟೆಲ್ ಯಾವುದೆಂದು ಅವರಿಗೆ ತಿಳಿಯದು. ಅಳಿಯಂದಿರಿಗೆ ಏನಂತ ಮುಖ ತೋರಿಸಲಿ? ಬರಿಗಾಲಲ್ಲೇ ಹೊರಗೆ ಓಡಿದೆ.

ನೋಡಿದರೆ, ಕಂದಾ, ನನ್ನ ಚಪ್ಪಲಿಯ ಪಕ್ಕದಲ್ಲಿ ಸೆರಗು ಹೊದ್ದು ಕೂತಿದ್ದಾರೆ! “ಎಲ್ಲಿಗ್ ಹೋಗಿದ್ರಿ? ಯಾರಾದ್ರೂ ಎತ್ಕೊಂಡ್ ಹೋದ್ರೆ ಏನ್ ಗತಿ ಅಂತ ಚಪ್ಪಲಿ ಕಾಯ್ತಾ ಕೂತಿದೀನಿ” ಅಂತ ನನಗೇ ಗದರಿದರು. ಊರು ಮರೆತಿತ್ತು, ನನ್ನ ಹೆಸರೂ ಬಾಯಿಗೆ ಬರಲಿಲ್ಲ, ಆ ಚಪ್ಪಲಿ ನನ್ನದು ಅನ್ನುವುದು ಮಾತ್ರ ಗೊತ್ತಿತ್ತು. ಹೋದ ಜೀವ ಬಂದಂತಾಯಿತು. ತಬ್ಬಿಕೊಂಡು ಗೊಳೋ ಅಂತ ಅತ್ತುಬಿಟ್ಟೆ. ಸುತ್ತಲಿನವರು ನನಗೆ ಭಕ್ತಿ ಉಕ್ಕಿತೆಂದುಕೊಂಡಿರಬೇಕು. ಅಲ್ಲಿಂದ ವಿಮಾನ ಇಳಿಯುವ ತನಕ ಅವರ ಕೈ ಬಿಟ್ಟಿದ್ದರೆ ಕೇಳು. ಇದನ್ನೆಲ್ಲ ಅಳಿಯಂದಿರಿಗೆ ನಿಧಾನವಾಗಿ ಹೇಳು, ಊಟ ಆದಮೇಲೆ.

ನಮ್ಮ ಮನೆದೇವರೂ ನಿಮ್ಮತ್ತೆಯ ಯೇಸುವೂ ಸೇರಿ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿನ್ನ ಅಮ್ಮ,
ಗಂಗಲಕ್ಷ್ಮಮ್ಮ

ಮುಖ್ಯವಾದದ್ದೇ ಬಿಟ್ಟುಹೋಯಿತು. ಆಶ್ರಮದವರಿಗೆ ಬೇಡವೆಂದು ಫೋನ್ ಮಾಡಿಬಿಡು. ನಿಮ್ಮತ್ತೆ ಇನ್ನು ಇಲ್ಲೇ ಇರುತ್ತಾರೆ. ನಿಮ್ಮಪ್ಪ ಹಿಂದಿನ ರೂಮಿಗೆ ಆಗಲೇ ಸುಣ್ಣ ಹೊಡೆಸಿದ್ದಾರೆ, ಇನ್ನು ನೀನು ಚೌಕಾಸಿ ಮಾಡಬೇಡ. ಇವತ್ತು ಬೆಳಿಗ್ಗೆ ನಿಮ್ಮತ್ತೆ ನನ್ನನ್ನೇ ನೋಡುತ್ತಾ, “ನೀವ್ಯಾರಮ್ಮ?” ಅಂದರು. “ನಿಮ್ಮ ಸೊಸೆ ಕೀರ್ತನಾ ಇಲ್ವಾ, ಅವಳ ತಾಯಿ” ಅಂದೆ. “ಹಂಗಾದ್ರೆ ಇದು ನಮ್ಮನೇನೇ. ತಟ್ಟೆ ಹಾಕಿ ಮತ್ತೆ, ಹಸಿವಾಗ್ತಿದೆ” ಅಂದರು.