ಸಡಿಲ ಕೊಂಡಿಯ ಕರಡಿಗೆ

ಯಡಿಯೂರು, ಬೆಂಗಳೂರು
೨೦ ಜನವರಿ ೨೦೨೬, ಮಂಗಳವಾರ

ಚಿರಂಜೀವಿ ಚಿದಾನಂದನಿಗೆ,

ಈ ಕಾಗದ ಬರೆಯುವುದು ನನಗೆ ಸುತರಾಂ ಇಷ್ಟವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಅಕ್ಕ ಲತಾಮಣಿಯ ಮಗಳು ಅರ್ಪಿತ ಬೆನ್ನು ಬಿಡದೆ ಬರೆಸುತ್ತಿದ್ದಾಳೆ. ಬೆಳಿಗ್ಗೆ ಕಾಫಿ ಕೊಡುವಾಗ ಒಂದು ಸಲ, ರಾತ್ರಿ ಮಾತ್ರೆ ಕೊಡುವಾಗ ಒಂದು ಸಲ, 'ತಾತ, ಚಿದು ಮಾವಂಗೆ ಬರೀರಿ' ಎಂದು ಅದೇ ರಾಗ. ನಿನ್ನ ನಂಬರು ಬದಲಾಗಿದೆ. ಅವಳು ಇನ್‌ಸ್ಟಾಗ್ರಾಮಿನಲ್ಲಿ ಕಳಿಸಿದ್ದನ್ನು ನೀನು ನೋಡುತ್ತೀಯಂತೆ, ಉತ್ತರ ಕೊಡುವುದಿಲ್ಲವಂತೆ. ಮುದುಕ ಬರೆದರೆ ಕೊಡುತ್ತಾನೆ ಎಂದು ಅವಳ ಲೆಕ್ಕ. ನಾನು ಬರೆದರೆ ಖಂಡಿತ ಕೊಡುವುದಿಲ್ಲ ಎಂದು ನನ್ನ ಲೆಕ್ಕ. ನಿಮ್ಮ ಬ್ಯಾಂಡಿನ ರೆಕಾರ್ಡಿನ ಹಿಂದೆ ಅಚ್ಚಾಗಿದ್ದ ಗೋವಾದ ವಿಳಾಸ ಹುಡುಕಿಕೊಟ್ಟು, ಪೆನ್ನಿನ ಮುಚ್ಚಳವನ್ನೂ ಅವಳೇ ತೆಗೆದುಕೊಟ್ಟು ಕಾಲೇಜಿಗೆ ಹೋಗಿದ್ದಾಳೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸಿದ್ದಾಪುರದ ಅಂಗಡಿಯಲ್ಲಿ ಬೇಳೆ ತೂಗಲು ಕೂತವನು ನಾನು. ಸಾಮಾನಿನ ಚೀಟಿ ಬರೆದು ಅಭ್ಯಾಸವೇ ಹೊರತು ಕಾಗದ ಬರೆದು ಅಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು.

ಆರೋಗ್ಯ ವಿಚಾರಿಸಬೇಕಲ್ಲ, ವಿಚಾರಿಸುತ್ತಿದ್ದೇನೆ. ಎಡಗಿವಿ ಈಗಲೂ ಸೋರುತ್ತದೆಯೋ? ಸಣ್ಣವನಿದ್ದಾಗ ಥಂಡಿ ಬಿದ್ದರೆ ಸಾಕು, ಕಿವಿ ಹಿಡಿದುಕೊಂಡು ಊರು ಒಂದಾಗುವ ಹಾಗೆ ಅಳುತ್ತಿದ್ದೆ. ನಿಮ್ಮಮ್ಮ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ, ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತೊಟ್ಟು ತೊಟ್ಟು ಬಿಡುತ್ತಿದ್ದಳು. ಅವಳು ಉಳಿಸಿಕೊಟ್ಟ ಕಿವಿಯಿಂದಲೇ ಈಗ ಅನ್ನ ತಿನ್ನುತ್ತಿದ್ದೀಯ. ಸಮುದ್ರದ ಗಾಳಿ ಅದಕ್ಕೆ ಆಗುವುದಿಲ್ಲ, ಹತ್ತಿ ಇಟ್ಟುಕೋ. ನನಗೆ ಸಕ್ಕರೆ ಕಾಯಿಲೆ ಇದೆ, ಮಂಡಿ ಮಾತು ಕೇಳುವುದಿಲ್ಲ, ಉಳಿದಂತೆ ಬದುಕಿದ್ದೇನೆ. ಗೋವಾದಿಂದ ಇಲ್ಲಿಗೆ ಒಂದು ರಾತ್ರಿಯ ಬಸ್ಸು ಎಂದು ಕೇಳಿದ್ದೇನೆ. ಅದನ್ನು ಹತ್ತಲು ನಿನಗೆ ಇಷ್ಟು ವರ್ಷ ಸಾಲಲಿಲ್ಲ.

ಈಗ ಇಲ್ಲಿನ ಸಮಾಚಾರ. ಅರ್ಪಿತ ಡಿಗ್ರಿ ಎರಡನೇ ವರ್ಷ. ಜಯನಗರದ ಕಾಲೇಜಿಗೆ ಹೋದಷ್ಟೇ ಬೇಗ ವಾಪಸು ಬಂದು ಗಿಟಾರು ಹಿಡಿಯುತ್ತಾಳೆ. ಮೇಲಿನ ಮನೆಯಲ್ಲಿ ಅವಳಪ್ಪ ಸಹಿಸುವುದಿಲ್ಲವೆಂದು ಕೆಳಗೆ ನನ್ನ ಹತ್ತಿರ, ನಿನ್ನ ಹಳೆಯ ರೂಮಿನಲ್ಲಿ ಠಿಕಾಣಿ ಹೂಡಿದ್ದಾಳೆ. ಕಲಿಯಲಿ, ಬೇಡ ಎನ್ನಲಿಲ್ಲ. ಆದರೆ ಅವಳಿಗೆ ಬೇರೆ ಯಾವ ಹಾಡೂ ಬೇಡ. ನಿನ್ನ ಬ್ಯಾಂಡಿನ ಒಂದು ಹಾಡು, ಅದರಲ್ಲೂ ನಡುವೆ ಎಲ್ಲರೂ ಸುಮ್ಮನಾದಾಗ ನೀನೊಬ್ಬನೇ ನುಡಿಸುವ ತುಣುಕು, ಸೋಲೋ ಅನ್ನುತ್ತಾಳೆ, ಅದು ಅವಳ ಗಿಟಾರಿನಿಂದ ನಿನ್ನದರ ಹಾಗೆಯೇ ಬರಬೇಕು. ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಈ ಜಾತಿಯ ಸಂಗೀತಕ್ಕೆ ಪೋಸ್ಟ್ ಪಂಕ್ ಅಂತ ಹೆಸರಂತೆ. ನಾನೂ ಕೇಳಿದೆ. ಹಾಡುವವನು ಬಾಡಿಗೆ ವಸೂಲಿಗೆ ಬಂದವನ ಹಾಗೆ ಒಂದೇ ದನಿಯಲ್ಲಿ ಗೊಣಗುತ್ತಾನೆ, ಡ್ರಮ್ಮಿನವನು ಯಾರೂ ತೆಗೆಯದ ಬಾಗಿಲು ಬಡಿಯುತ್ತಾನೆ, ನೀನು ಮೂಲೆಯಲ್ಲಿ ಮುನಿಸಿಕೊಂಡು ಕೂತು ತಗಡು ಕೆರೆಯುತ್ತೀಯ. ಇದಕ್ಕೆ ಜನ ಟಿಕೆಟ್ಟು ತೆಗೆದುಕೊಳ್ಳುತ್ತಾರೆ.

ಆ ಕೆರೆತ ಹಿಡಿಯಲು ಹುಡುಗಿ ಮಾಡದ ಕಸರತ್ತಿಲ್ಲ. ಕಾಲಲ್ಲಿ ಒತ್ತುವ ಡಬ್ಬಿಗಳು, ಪೆಡಲ್ ಅಂತೆ, ಗೆಳತಿಯರಿಂದ ತಂದು ನೆಲದ ಮೇಲೆ ಸಾಲಾಗಿ ಜೋಡಿಸಿದ್ದಾಳೆ. ಎಡವುವುದು ನನ್ನ ಪಾಲಿಗೆ. ಸ್ಪೀಕರನ್ನು ಗೋಡೆಗೆ ತಿರುಗಿಸಿದಳು, ಬಚ್ಚಲಿನಲ್ಲಿಟ್ಟಳು, ಖಾಲಿ ಅಕ್ಕಿ ಡ್ರಮ್ಮಿನೊಳಗೆ ಇಳಿಬಿಟ್ಟಳು. ಹೊಸ ತಂತಿ ಬಿಚ್ಚಿ ತುಕ್ಕು ಹಿಡಿದ ತಂತಿ ಹಾಕಿದಳು. ಆಮೇಲೆ ಇಂಟರ್ನೆಟ್ಟಿನಲ್ಲಿ ಯಾರೋ, ನೀನು ತಂತಿಯ ಮೇಲೆ ಏನೋ ಉಜ್ಜುತ್ತೀಯ ಎಂದರಂತೆ. ಶುರುವಾಯಿತು ನೋಡು. ಸ್ಟೀಲ್ ಲೋಟ, ಕೊಬ್ಬರಿ ಎಣ್ಣೆ ಬಾಟಲಿ, ನನ್ನ ಕೆಮ್ಮಿನ ಔಷಧಿ ಬಾಟಲಿ, ಗ್ಯಾಸ್ ಲೈಟರು, ಕೊನೆಗೆ ಲಟ್ಟಣಿಗೆ. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಎದುರು ಮನೆಯ ವಿಜಯಲಕ್ಷ್ಮಿ ಬಾಗಿಲಲ್ಲೇ ನಿಂತು, 'ಅಂಕಲ್, ನಿಮ್ಮ ಮಿಕ್ಸಿ ಬ್ಲೇಡ್ ಹೋಗಿದೆ ಅನ್ಸತ್ತೆ, ಬದ್ಲಾಯಿಸ್ಕೊಳ್ಳಿ' ಎಂದು ಸಕ್ಕರೆ ಅಚ್ಚು ಕೈಗಿಟ್ಟು ಹೋದಳು. ನಮ್ಮ ಬೀದಿಯಲ್ಲಿ ನಿನ್ನ ಕೀರ್ತಿ ಇಷ್ಟು.

ಉಜ್ಜುವ ಶಬ್ದವೇನೋ ಹತ್ತಿರ ಹತ್ತಿರ ಬಂತು. ಆದರೆ ಅದರ ಹಿಂದೆಯೇ ಒಂದು ಸಣ್ಣ ನಡುಕ ಬರುತ್ತದಲ್ಲ, ಅದು ಬರಲಿಲ್ಲ. 'ಎಲ್ಲಾ ಬಂತು ತಾತ, ಆ ನಡುಕ ಒಂದು ಬರ್ತಿಲ್ಲ' ಎಂದು ಅಳುವ ಮುಖ ಮಾಡಿಕೊಂಡು ಓಡಾಡಿದಳು. ನೀನು ಸ್ಟೇಜಿನ ಮೇಲೆ ಎಡಗೈಗೆ ಕಪ್ಪು ಬಟ್ಟೆ ಸುತ್ತಿಕೊಂಡಿರುತ್ತೀಯಂತೆ, ಒಳಗೇನಿದೆ ಎಂದು ಯಾರಿಗೂ ತೋರಿಸುವುದಿಲ್ಲವಂತೆ. ಜಪಾನಿನ ಯಂತ್ರ ಎನ್ನುವವರುಂಟು, ಸೈಕಲ್ ಕಡ್ಡಿ ಎನ್ನುವವರುಂಟು. ಯಾರೋ ಸಂದರ್ಶನದಲ್ಲಿ ಕೇಳಿದ್ದಕ್ಕೆ ನೀನು ನಕ್ಕು, ಅದು ನಮ್ಮ ಮನೆ ಗುಟ್ಟು ಎಂದಿದ್ದೀಯ. ಅರ್ಪಿತ ಅದನ್ನು ನನಗೆ ಹಾಕಿ ತೋರಿಸಿ, ಮನೆ ಗುಟ್ಟಾದರೆ ನಿಮಗೂ ಗೊತ್ತಿರಬೇಕಲ್ಲ ಎಂದು ಕೇಳಿದಳು. ಅವನ ಮನೆ ಯಾವುದು ಅಂತಲೇ ನನಗೆ ಗೊತ್ತಿಲ್ಲ ಎಂದು ಗದರಿ ಕಳಿಸಿದೆ. ಆಗ ನಿಜವಾಗಿಯೂ ಗುಟ್ಟು ಗೊತ್ತಿರಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದೆ. ಒಲೆಯ ಮೇಲೆ ಹಾಲಿತ್ತು. ಅರ್ಪಿತ ರೂಮಿನಲ್ಲಿ ನಿನ್ನ ಸೋಲೋವನ್ನು ಕಂಪ್ಯೂಟರಿನಲ್ಲಿ ನಿಧಾನ ಮಾಡಿ, ಜೋರಾಗಿ ಹಾಕಿದಳು. ನಿಧಾನ ಮಾಡಿದಾಗ ಆ ನಡುಕ ಬಿಡಿಬಿಡಿಯಾಯಿತು. ಟಿಕ್. ಸ್ವಲ್ಪ ಬಿಟ್ಟು ಟಿಕ್ ಟಿಕ್. ಮತ್ತೆ ಟಿಕ್. ಸ್ವಲ್ಪ ಬಿಟ್ಟು ಟಿಕ್ ಟಿಕ್. ನಾನು ತಲೆ ಎತ್ತದೆ, ಕೈ ನಿಲ್ಲಿಸದೆ, 'ಹಾಲು ಉಕ್ತಾ ಇದೆ, ನೋಡೇ' ಅಂದುಬಿಟ್ಟೆ. ಅರ್ಪಿತ ಹೊರಗೆ ಬಂದು 'ಯಾರಿಗ್ ತಾತ ಹೇಳಿದ್ದು?' ಎಂದಳು. ನಿನಗೇ, ಇನ್ಯಾರಿಗೆ, ಎಂದೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತ್ತು.

ಯಾರಿಗೆ ಹೇಳಿದ್ದು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮಮ್ಮ ಲಿಂಗ ಇಟ್ಟು ಕೊರಳಿಗೆ ಹಾಕಿಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆ ನೆನಪಿದೆಯಲ್ಲ, ನಿನಗೆ ನೆನಪಿರದೆ ಇನ್ಯಾರಿಗೆ ಇರಬೇಕು. ಶಿವದಾರ ಪೋಣಿಸುವ ಒಂದು ಕೊಂಡಿ ಸಡಿಲವಾಗಿ, ಅವಳು ನಡೆದಾಗಲೆಲ್ಲ ಬೆಳ್ಳಿಗೆ ಬಡಿಯುತ್ತಿತ್ತು. ಮಂಡಿ ನೋವಿಗೆ ಬಲಗಾಲು ಎಳೆಯುತ್ತಿದ್ದಳು. ಒಂದು ಹೆಜ್ಜೆಗೆ ಒಂದು ಬಡಿತ, ಎಳೆದ ಹೆಜ್ಜೆಗೆ ಎರಡು. ಹಿತ್ತಿಲಲ್ಲಿದ್ದಾಳೋ ದೇವರ ಮನೆಯಲ್ಲಿದ್ದಾಳೋ ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು. ಅಕ್ಕಸಾಲಿಗೆ ಕೊಟ್ಟು ಬಿಗಿ ಮಾಡಿಸೇ, ತಲೆ ಚಿಟ್ಟು ಹಿಡಿಯುತ್ತೆ ಎಂದು ನಾನು ಎಷ್ಟು ಸಲ ರೇಗಿಲ್ಲ. 'ಎಲ್ಲಿದ್ದೀಯೇ ಎಲ್ಲಿದ್ದೀಯೇ ಅಂತ ನೀವು ಕೂಗೋದು ತಪ್ಪತ್ತೆ, ಇರ್ಲಿ ಬಿಡಿ' ಅನ್ನುತ್ತಿದ್ದಳು.

ಅವಳನ್ನು ಮಣ್ಣು ಮಾಡಿದ ದಿನ ಅಯ್ನೋರು ಲಿಂಗವನ್ನು ಅವಳ ಎಡಗೈಯಲ್ಲಿಟ್ಟರು. ಲಿಂಗ ಅವಳ ಜೊತೆ ಹೋಗಬೇಕು, ಕರಡಿಗೆ ಮನೆಗೆ ಬಂದು ಮುಂದಿನ ಹೆಣ್ಣುಮಕ್ಕಳಿಗೆ ಸೇರಬೇಕು, ನಮ್ಮ ಮನೆಯಲ್ಲಿ ನಡೆದುಬಂದದ್ದು ಹಾಗೆ. ಶಿವಗಣಾರಾಧನೆಯ ದಿನ ನೋಡಿದರೆ ಕರಡಿಗೆ ಇಲ್ಲ. ಲತಾಮಣಿ ಬೀರು, ಪೆಟ್ಟಿಗೆ ಎಲ್ಲಾ ಜಾಲಾಡಿದಳು. ನೀನು ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, 'ನಾನೇ ನೋಡ್ದೆ ಅಪ್ಪಾಜಿ, ಲಿಂಗದ ಜೊತೆ ಅದೂ ಅಮ್ಮನ ಕೈಲೇ ಹೋಯ್ತು' ಅಂದೆ. ತಾಯಿಗೆ ಮಣ್ಣು ಕೊಟ್ಟವನ ಮಾತು ಎಂದು ನಂಬಿದೆ. ಹೋಗಲಿ, ಅವಳ ವಸ್ತು ಅವಳ ಹತ್ತಿರವೇ ಇದೆ ಎಂದು ಸಮಾಧಾನ ಮಾಡಿಕೊಂಡೆ. ವರ್ಷ ವರ್ಷ ಸಮಾಧಿಗೆ ಬಿಲ್ವಪತ್ರೆ ಇಡುವಾಗ, ಈ ಮಣ್ಣಿನ ಕೆಳಗೆ ಅದೂ ಇದೆ ಎಂದುಕೊಂಡೇ ಕೈಮುಗಿದಿದ್ದೇನೆ. ಅದು ಗೋವಾದಲ್ಲಿ ಕಪ್ಪು ಬಟ್ಟೆಯೊಳಗಿತ್ತು.

ಬರೀ ಅನುಮಾನದ ಮೇಲೆ ಬೈಯುವವನಲ್ಲ ನಾನು. ಮಾರನೇ ಬೆಳಿಗ್ಗೆ ಎಲ್ಲರೂ ಹೊರಗೆ ಹೋದ ಮೇಲೆ ಪೂಜೆ ಮುಗಿಸಿ, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು, ನನ್ನ ಖಾಲಿ ಕರಡಿಗೆ ಹಿಡಿದು ಅರ್ಪಿತಳ ರೂಮಿಗೆ ಹೋದೆ. ಸ್ಪೀಕರು ಹಾಕಲು ನನಗೆ ಬರುವುದಿಲ್ಲ, ಬೇಕಾಗಲೂ ಇಲ್ಲ. ಗಿಟಾರನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಒಂದು ಕೈಯಲ್ಲಿ ಮೀಟಿ ಇನ್ನೊಂದು ಕೈಯಲ್ಲಿ ಕರಡಿಗೆ ಎಳೆದೆ. ಅದೇ ಕೆರೆತ, ಅದೇ ಏರು. ಲೋಟದಲ್ಲೂ ಬಾಟಲಿಯಲ್ಲೂ ಹುಡುಗಿಗೆ ಸಿಗದೇ ಇದ್ದದ್ದು ಸಿಕ್ಕಿತು. ನಡುಕ ಮಾತ್ರ ಬರಲಿಲ್ಲ. ನನ್ನದರ ಕೊಂಡಿ ಬಿಗಿ. ಮತ್ತೆ ಎಳೆದೆ, ಇನ್ನೂ ಜೋರಾಗಿ ಎಳೆದೆ, ಬರಲಿಲ್ಲ. ಶಿವ ಕ್ಷಮಿಸಲಿ, ನಿನ್ನ ದೆಸೆಯಿಂದ ಈ ವಯಸ್ಸಿನಲ್ಲಿ ಅದನ್ನೂ ಮಾಡಿದೆ.

ಎತ್ತಿಕೊಂಡು ಹೋದದ್ದಕ್ಕಿಂತ ನನಗೆ ಹೊಟ್ಟೆ ಉರಿದದ್ದು ಬೇರೆ. ಸಡಿಲ ಕೊಂಡಿ ತನ್ನಷ್ಟಕ್ಕೆ ಬಿಟ್ಟರೆ ಹೇಗೆ ಬೇಕಾದರೂ ಬಡಿಯುತ್ತದೆ. ನೀನು ಒಂದು, ಬಿಟ್ಟು ಎರಡು, ಹಾಗೇ ಬಡಿಸಿದ್ದೀಯ. ಗೊತ್ತಿದ್ದೇ ನುಡಿಸಿದ್ದೀಯ. ನಿಮ್ಮಮ್ಮನನ್ನು ಹಿತ್ತಿಲ ಬಾಗಿಲಿಂದ ಅಡುಗೆಮನೆಯವರೆಗೆ ನಡೆಸಿಕೊಂಡು ಬಂದು, ಹೊಸ್ತಿಲಲ್ಲಿ ನಿಲ್ಲಿಸಿಬಿಡುತ್ತೀಯ. ಅಲ್ಲಿ ಕುಡಿದು ಕೂತವರ ಮುಂದೆ ಅವಳನ್ನು ನಡೆಸುತ್ತೀಯ, ಅವಳು ಕಾಲೆಳೆಯುವುದಕ್ಕೆ ಅವರು ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ, ಅವಳು ನಡೆದ ಮನೆಯಲ್ಲಿ, ನಾನು ಫ್ರಿಜ್ಜಿನ ಶಬ್ದ ಕೇಳಿಕೊಂಡು ಕೂತಿದ್ದೇನೆ. ದುಃಖ ನಿನಗೊಬ್ಬನಿಗೇ ಆಯಿತು ಎಂದುಕೊಂಡೆಯಾ? ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ, ಅದೂ ನಿಜ. ಆದರೂ ಕೇಳಬೇಕಿತ್ತು.

ಅರ್ಪಿತಳಿಗೆ ಇದ್ಯಾವುದೂ ಗೊತ್ತಿಲ್ಲ, ಈ ಕಾಗದವನ್ನು ಅವಳಿಗೆ ತೋರಿಸುವುದೂ ಇಲ್ಲ. ಯಾವ ತಂತಿ, ಯಾವ ಪೆಡಲ್, ಎಡಗೈಯಲ್ಲಿ ಏನು ಎಂದು ನಿನ್ನನ್ನು ಕೇಳಬೇಕಂತೆ. ಕೊನೆಯದಕ್ಕೆ ಉತ್ತರ ನನಗೆ ಗೊತ್ತು, ಆದರೆ ನನ್ನ ಬಾಯಿಂದ ಬರಬಾರದು. ಹುಡುಗಿ ನಿನ್ನ ಫೋಟೋ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಸತ್ತ ಅಜ್ಜಿಯ ಕರಡಿಗೆ ಎತ್ತಿಕೊಂಡು, ಮುಖ ನೋಡಿ ಸುಳ್ಳು ಹೇಳಿ ಹೋದ ಮಾವ ಎಂದು ನಾನು ಹೇಳಿದರೆ ಅವಳು ಗಿಟಾರನ್ನು ಮಂಚದ ಕೆಳಗೆ ತಳ್ಳಿ ಮತ್ತೆ ಮುಟ್ಟುವುದಿಲ್ಲ. ಹಟದಲ್ಲಿ ಅವಳು ಥೇಟ್ ಅಜ್ಜಿ. ನೀನೇ ಹೇಳಿದರೆ ಬೈದಾಳು, ಅತ್ತಾಳು, ಕೊನೆಗೆ ಅದನ್ನು ಕೈಗೆ ತೆಗೆದುಕೊಂಡಾಳು. ನ್ಯಾಯವಾಗಿ ಅದು ಅವಳ ಪಾಲಿನದು.

ಆದ್ದರಿಂದ ಶಿವರಾತ್ರಿಗೆ ಬಾ. ಬಂದು, ಕರಡಿಗೆಯನ್ನು ಅವಳ ಕೈಗಿಟ್ಟು, ನಡೆದದ್ದನ್ನು ನೀನೇ ಹೇಳು. ಕೊರಿಯರಿನಲ್ಲಿ ಹಾಕಿ ಕೈತೊಳೆದುಕೊಳ್ಳಬೇಡ. ನಿಮ್ಮಮ್ಮ ಪಾರ್ಸಲ್ ಅಲ್ಲ. ಬರದೇ ಹೋದರೆ ಹಬ್ಬದ ಮಾರನೇ ಬೆಳಿಗ್ಗೆ ನಾನೇ ಅರ್ಪಿತಳನ್ನು ಕೂರಿಸಿಕೊಂಡು ಹೇಳುತ್ತೇನೆ, ಒಂದಕ್ಷರ ಬಿಡುವುದಿಲ್ಲ. ಆಮೇಲೆ ನನ್ನನ್ನು ದೂರಬೇಡ.

ಲತಾಮಣಿ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿಲ್ಲ, ಆದರೆ ಹಬ್ಬ ಬಂದಾಗಲೆಲ್ಲ ಕೇಳುತ್ತಾಳೆ. ಕಾಗದದ ಕೊನೆಗೆ ದೊಡ್ಡವರು ಆಶೀರ್ವಾದ ಮಾಡಬೇಕು, ಮಾಡಿದ್ದೇನೆ. ಹತ್ತಿ ಮರೆಯಬೇಡ.

ನಿನ್ನ ಅಪ್ಪ,
ಗೌರೀಶಂಕರ

ವಿ.ಸೂ.: ಗೇಟಿನ ಸದ್ದಾಯಿತು, ಅರ್ಪಿತ ಬಂದಳು, ಬೇಗ ಮುಗಿಸುತ್ತೇನೆ. ತರುವ ಮುಂಚೆ ಬೆಳಗಿಸುತ್ತೇನೆ ಎಂದು ಅದನ್ನು ಯಾವ ಅಕ್ಕಸಾಲಿಯ ಕೈಗೂ ಕೊಡಬೇಡ. ಕೊಂಡಿ ಬಿಗಿ ಮಾಡಿಸಬೇಡ. ಹೇಗಿದೆಯೋ ಹಾಗೇ ತಾ. ರೂಮಿನಲ್ಲಿ ಅವಳು ನುಡಿಸಲಿ, ನಾನು ಅಡುಗೆಮನೆಯ ಬಾಗಿಲಲ್ಲಿ ಕೂತಿರುತ್ತೇನೆ. ಬರುತ್ತೀಯೋ ಇಲ್ಲವೋ, ಫೆಬ್ರವರಿ ಹತ್ತರೊಳಗೆ ಉತ್ತರ ಬೇಕು.